ಕಿಟಕಿಯವ್ವನ ಸೌಟು

ಅವಳ ಮುಖಕ್ಕಿಂತ ಮೊದಲು ನಾನು ಕಂಡದ್ದು ಅವಳ ಬಲಗೈ. ಮೊಣಕೈವರೆಗೂ ಹಸಿರು ಹಚ್ಚೆ, ಮಣಿಕಟ್ಟಿನ ಹತ್ತಿರ ಎಸರು ಬಿದ್ದು ಸುಟ್ಟ ಬಿಳಿ ಕಲೆ, ಹಿಡಿತದಲ್ಲಿ ಉದ್ದನೆಯ ಹಿತ್ತಾಳೆ ಸೌಟು. ಸರಳಿಲ್ಲದ ಒಂದು ಸಣ್ಣ ಕಿಟಕಿಯಿಂದ ಆ ಕೈ ಹೊರಗೆ ಬರುತ್ತಿತ್ತು, ಪಾತ್ರೆಗೆ ಸಾರು ಬಿಡುತ್ತಿತ್ತು, ಪಾತ್ರೆಯ ಅಂಚಿಗೆ ಸೌಟನ್ನು ಟಣ್ ಎಂದು ಬಡಿದು ಒಳಗೆ ಹೋಗುತ್ತಿತ್ತು. ಹಾಸನದಲ್ಲಿ ಅವಳ ಹೆಸರು ಎಷ್ಟು ಜನಕ್ಕೆ ಗೊತ್ತಿತ್ತೋ ಕಾಣೆ. ಎಲ್ಲರಿಗೂ ಅವಳು ಕಿಟಕಿಯವ್ವ.

ಐವತ್ತರ ದಶಕದ ಕೊನೆಯಲ್ಲಿ ಸರ್ವೆ ಆಫೀಸಿನ ಗುಮಾಸ್ತನಾಗಿ ನಾನು ಹಾಸನಕ್ಕೆ ಬಂದೆ. ನನ್ನದು ಮಲ್ಲಿಪಟ್ಟಣದ ಕಡೆಯ ಹಳ್ಳಿ, ಊರ ಹೊರಗಿನ ಕೇರಿ. ಹೋಟೆಲುಗಳ ಗೋಡೆಯ ಮೇಲೆ ಎಲ್ಲರಿಗೂ ಪ್ರವೇಶವುಂಟು ಅಂತ ಬರೆದಿರುತ್ತಿತ್ತು. ಒಳಗೆ ಹೋಗಿ ಕೂತರೆ ಮಾಣಿ, ‘ಯಾವೂರು? ಯಾರ ಪೈಕಿ?’ ಅಂತ ಶುರುಮಾಡುತ್ತಿದ್ದ. ಹೇಳಿದ ಮೇಲೆ ಬರುವ ಲೋಟವೇ ಬೇರೆ. ಅದು ಹಾಳಾಗಿ ಹೋಗಲಿ ಅಂದರೆ, ಅಲ್ಲಿ ತಿನ್ನಲು ತಾನೇ ಏನಿತ್ತು? ಇಡ್ಲಿ, ಉಪ್ಪಿಟ್ಟು, ನೀರು ಸಾರು. ರಾಗಿಮುದ್ದೆ ನುಂಗಿ ಬೆಳೆದ ಹೊಟ್ಟೆ ಎಷ್ಟು ದಿನ ತಡೆದೀತು? ಒಂದು ಮಧ್ಯಾಹ್ನ ಬೀದಿಯಲ್ಲಿ ಒಬ್ಬ ಸೈಕಲ್ಲಿಗೆ ಕ್ಯಾರಿಯರು ನೇತುಹಾಕಿಕೊಂಡು ಹೋದ. ಅದರೊಳಗಿಂದ ಹುರುಳಿಕಾಳಿನ ಬಸ್ಸಾರಿನ ವಾಸನೆ. ಬಿಟ್ಟೇನೆಯೇ? ಓಡಿಹೋಗಿ ಅಡ್ಡ ನಿಂತು, ‘ಎಲ್ಲಿ ಸಿಕ್ತಣ್ಣ?’ ಅಂದೆ. ಅವನು ನಗುತ್ತಾ ಸಂತೆ ಮೈದಾನದ ಹಿಂದಿನ ಗಲ್ಲಿ ತೋರಿಸಿದ.

ಅಲ್ಲಿ ಬೋರ್ಡಿಲ್ಲ, ಬೆಂಚಿಲ್ಲ. ಮುಚ್ಚಿದ ಬಾಗಿಲು, ತೆರೆದ ಕಿಟಕಿ, ಪಾತ್ರೆ ಹಿಡಿದ ಒಂದಿಪ್ಪತ್ತು ಜನ. ಕೂಲಿಯವರು, ಬಸ್ಸಿನವರು, ಕೋರ್ಟು ಕಚೇರಿಗೆಂದು ಹಳ್ಳಿಗಳಿಂದ ಬಂದ ಗೌಡರು. ಎಲ್ಲರೂ ಒಂದೇ ಸಾಲು. ನಾನೂ ಒಂದು ಪಾತ್ರೆ ತಂದು ನಿಂತೆ. ನನ್ನ ಸರದಿ ಬಂದಾಗ ನಾನು ನಮ್ಮೂರಿನಲ್ಲಿ ಮಾಡುತ್ತಿದ್ದುದನ್ನೇ ಮಾಡಿದೆ. ಪಾತ್ರೆಯನ್ನು ನೆಲಕ್ಕಿಟ್ಟು ಹಿಂದೆ ಸರಿದೆ. ಕೈ ಒಳಗೆ ಹೋಯಿತು, ಮುಖ ಹೊರಗೆ ಬಂತು. ಅಗಲ ಹಣೆ, ಬೆಂಕಿಯಂಥ ಕಣ್ಣು.

‘ಏನ್ಲಾ ಅದು? ನಾಯಿಗೆ ಆಕುಸ್ಕಳಂಗೆ? ಎತ್ತಿ ಇಡ್ಕ!’

ಎತ್ತಿ ಹಿಡಿದೆ. ಟಣ್ ಅಂತು. ಅವಳೂ ನನ್ನಂತೆ ಕೇರಿಯವಳೇ ಅಂತ ಆಮೇಲೆ ತಿಳಿಯಿತು.

ಮುಂದೆ ವರ್ಗವಾಗಿ ಹೊಳೆನರಸೀಪುರ, ಅರಕಲಗೂಡು ಅಂತ ಸುತ್ತಿದೆ. ಹೋದಲ್ಲೆಲ್ಲ ಮೊದಲು ಹುಡುಕುತ್ತಿದ್ದುದು ಇಂಥ ಮನೆಗಳನ್ನೇ. ಹೊಳೆನರಸೀಪುರದಲ್ಲಿ ಹೊಳೆದಂಡೆಯ ಹತ್ತಿರ ಒಬ್ಬಾಕೆ ಮೀನುಸಾರು ಕೊಡುತ್ತಿದ್ದಳು. ಅರಕಲಗೂಡಿನಲ್ಲಿ ಸಂತೆಯ ದಿನ ಮಾತ್ರ ಒಂದು ಮನೆಯಲ್ಲಿ ಹಿತಕಿದ ಅವರೆಬೇಳೆ. ಚೆನ್ನಾಗಿಯೇ ಇರುತ್ತಿತ್ತು, ಸುಳ್ಳು ಹೇಳಬಾರದು. ಆದರೆ ಕಿಟಕಿಯವ್ವನ ಬೋಟಿಸಾರಿನ ಮುಂದೆ ಅವೆಲ್ಲ ಎಲ್ಲಿ! ಹಾಸನದ ಬಸ್ಸು ಸಿಕ್ಕರೆ ಸಾಕು, ಪಾತ್ರೆ ಹಿಡಿದು ಹೊರಟುಬಿಡುತ್ತಿದ್ದೆ.

ಒಮ್ಮೆ ಕೇಳಿದೆ: ‘ಅವ್ವ, ಒಳಗೆ ಎರಡು ಚಾಪೆ ಆಸುದ್ರೆ ಜನ ಕೂತು ಉಣ್ಣಲ್ವಾ?’

‘ನಾನು ಬನ್ನಿ ಅನ್ನಾದು, ಅವ್ರು ಒಲ್ಲೆ ಅನ್ನಾದು. ಯಾಕ್ಲಾ ಬೇಕು ಆ ಉಸಾಬರಿ? ನಾನೇ ಯಾರ್ನೂ ಕರಿಯಾಕಿಲ್ಲ. ನೀನೂ ಒರಗೇ ನಿಂತ್ಕ.’

ಎಲ್ಲರೂ ಹೊರಗೆ, ಎಲ್ಲರ ಪಾತ್ರೆಗೂ ಟಣ್. ಅವಳ ಕಾನೂನು ಅಷ್ಟೆ.

ಆ ಕಾನೂನಿಗೆ ಕಲ್ಲು ಬಿದ್ದದ್ದು ಕಟ್ಟಾಯದ ಕಡೆಯ ಒಬ್ಬ ಗೌಡರಿಂದ. ಅವತ್ತು ನಾನು ಅವರ ಹಿಂದೆಯೇ ನಿಂತಿದ್ದೆ. ಅದುವರೆಗೆ ಆಳನ್ನು ಕಳಿಸಿ ತರಿಸಿಕೊಂಡು ಕೋರ್ಟಿನ ಹುಣಸೆಮರದಡಿ ಉಣ್ಣುತ್ತಿದ್ದವರು, ಆಳು ಬಂದಿಲ್ಲವೆಂದು ತಾವೇ ಬಂದಿದ್ದರು.

‘ವಸಿ ಮ್ಯಾಲಿಂದ ಬುಡವ್ವ. ಸೌಟು ತಾಗುಸ್ಬ್ಯಾಡ.’

ಸೌಟು ನಡುವೆಯೇ ನಿಂತಿತು. ‘ಉಣ್ಣಾದು ನಾನು ಮಾಡಿದ್ನೇ ಅಲ್ವಾ ಗೌಡ್ರೆ?’

‘ಅದೇನೋ ರೂಢಿ ಕಣವ್ವ.’

‘ನಂದೂ ಒಂದು ರೂಢಿ ಐತೆ. ಬ್ಯಾಡಾ ಅಂದ್ರೆ ಮುಂದಿನೋರು ಬರ್ಲಿ.’

ಗೌಡರ ಮುಖ ಕೆಂಪಾಯಿತು. ಖಾಲಿ ಪಾತ್ರೆ ಹಿಡಿದು ನಡೆದರು. ಅವರ ಹಿಂದೆ ಅವರ ಕಡೆಯವರೆಲ್ಲ ಸಾಲು ಬಿಟ್ಟರು. ಅವಳಿಗೆ ಗಂಡನಿಲ್ಲ, ಸಾಕಿಕೊಂಡ ತಂಗಿಯ ಮಗಳೊಬ್ಬಳಿದ್ದಳು. ಇಬ್ಬರ ಬದುಕೂ ಆ ಕಿಟಕಿಯ ಮೇಲೆಯೇ. ಕೋರ್ಟಿನ ದಿನಗಳಲ್ಲಿ ಸಾರು ಅರ್ಧಕ್ಕರ್ಧ ಉಳಿಯತೊಡಗಿತು. ನನಗೆ ತಡೆಯಲಿಲ್ಲ.

‘ಒಂದು ಗೇಣು ಮ್ಯಾಲಿಂದ ಬುಟ್ರೆ ನಿನ್ನ ಗಂಟೇನೋಯ್ತದವ್ವ? ಒಟ್ಟೆಪಾಡು ನೋಡು.’

ಕೆಂಡವಾದಳು. ‘ಒಟ್ಟೆಪಾಡಿಗೇ ಕಣ್ಲಾ ಸಾರು ಮಾರಾದು. ಈ ಕೈನೂ ಮಾರ್ಕಬೇಕಾ?’ ಎಂದು ಆ ಸುಟ್ಟ ಕಲೆಯ ಕೈಯನ್ನು ನನ್ನ ಮೂಗಿನ ಮುಂದೆ ಹಿಡಿದಳು. ಆದರೆ ಅವಳ ಕಣ್ಣು ಉಳಿದ ಸಾರಿನ ಗಡಿಗೆಯ ಕಡೆಗೇ ಹೊರಳಿತು. ಅವಳಿಗೂ ಭಯವಾಗಿತ್ತು ಅಂತ ನನಗೆ ಗೊತ್ತಾಯಿತು.

ಕೆಲವು ತಿಂಗಳ ಮೇಲೆ ನಾನು ಹಾಸನಕ್ಕೆ ಹೋಗಿದ್ದಾಗ ಅದೇ ಗೌಡರು ಸಾಲಿನಲ್ಲಿ ನಿಂತಿದ್ದರು. ಸರದಿ ಬಂತು, ಪಾತ್ರೆಯನ್ನು ಕಿಟಕಿಗೆ ಎತ್ತಿ ಹಿಡಿದರು. ಇಡೀ ಸಾಲು ಕತ್ತು ಚಾಚಿ ನೋಡಿತು. ಟಣ್!

‘ಕೋರ್ಟಿನ ದಿನ ಬಂದಾಗ್ಲೆಲ್ಲ ನಿಮ್ಗೆ ಅಂತ ಒಂಚೂರು ಬೋಟಿ ಎತ್ತಿಡ್ತಿದ್ದೆ ಗೌಡ್ರೆ. ಈಗ ಬಂದ್ರಿ’ ಅಂದಳು ಕಿಟಕಿಯವ್ವ. ಅವರು ತಲೆ ತಗ್ಗಿಸಿಕೊಂಡು ಹೋದರು. ಆಮೇಲೆ ಒಂದು ಕೋರ್ಟಿನ ದಿನವನ್ನೂ ಅವರು ತಪ್ಪಿಸಲಿಲ್ಲವಂತೆ.

ನಾನು ಚನ್ನರಾಯಪಟ್ಟಣದಲ್ಲಿದ್ದಾಗ ಅವಳು ಹೋದ ಸುದ್ದಿ ಬಂತು. ನಾಲ್ಕು ದಿನ ಜ್ವರ, ಅಷ್ಟೆ. ತಿಥಿಯ ದಿನ ಹೋದೆ. ಬಾಗಿಲು ಹಾರುಹೊಡೆದಿತ್ತು. ಅಷ್ಟು ವರ್ಷದಲ್ಲಿ ನಾನು ಆ ಮನೆಯ ಒಳಗೆ ಕಾಲಿಟ್ಟದ್ದು ಅದೇ ಮೊದಲು. ತಂಗಿಯ ಮಗಳು ಅವ್ವ ಮಾಡುತ್ತಿದ್ದ ಅಡುಗೆಯನ್ನೇ ಮಾಡಿದ್ದಳು. ಚಾಪೆ ಹಾಸಿ ಬನ್ನಿ ಬನ್ನಿ ಅಂತ ಕರೆದರೂ ಅರ್ಧ ಜನ ರೂಢಿಯಂತೆ ಪಾತ್ರೆ ಹಿಡಿದು ಕಿಟಕಿಯ ಹತ್ತಿರವೇ ನಿಂತರು. ‘ನೀನೇ ಬಡಿಸಣ್ಣ’ ಎಂದು ಹುಡುಗಿ ಸೌಟನ್ನು ನನ್ನ ಕೈಗೆ ಕೊಟ್ಟಳು.

ಸಾಲಿನಲ್ಲಿ ಆ ಗೌಡರು ಬಂದರು. ಮುದುಕರಾಗಿದ್ದರು. ‘ಒಳಗೆ ಬನ್ನಿ ಗೌಡ್ರೆ’ ಅಂದೆ. ತಲೆಯಲ್ಲಾಡಿಸಿ ಅಲ್ಲೇ ನಿಂತು ಪಾತ್ರೆ ಎತ್ತಿ ಹಿಡಿದರು. ನಾನು ಸಾರು ಬಿಟ್ಟೆ. ಬಿಟ್ಟ ಮೇಲೆ ನೋಡಿಕೊಂಡರೆ, ನನ್ನ ಕೈ ತಾನಾಗಿಯೇ ಒಂದು ಗೇಣು ಮೇಲೆ ಹೋಗಿತ್ತು. ಅವರು ಗೌಡರು, ನಾನು ಕೇರಿಯ ಹುಡುಗ. ಕೈಗೆ ಅದೊಂದೇ ನೆನಪಿತ್ತು.

ಗೌಡರು ಕದಲಲಿಲ್ಲ. ಹಿಂದಿನವರು ಗೊಣಗಿದರೂ ಪಾತ್ರೆ ಇಳಿಸಲಿಲ್ಲ.

‘ಇನ್ನೊಂದು ಸೌಟು ಆಕ್ಲಾ ಗೌಡ್ರೆ?’ ಅಂದೆ.

ಅವರ ಕಣ್ಣು ತುಂಬಿತ್ತು.

‘ಸಾರು ಸಾಕು ಕಣಪ್ಪ. ಸೌಟು ತಾಗ್ಸು. ಅವ್ವ ತಾಗುಸ್ತಿದ್ಲು.’

ನಾನು ಕೈ ಇಳಿಸಿ, ಪಾತ್ರೆಯ ಅಂಚಿಗೆ ಸೌಟು ಬಡಿದೆ.