ದಿವಾಳಿ ಅರ್ಜಿಗೆ ಇಸ್ತ್ರಿ ಅಂಗಿ

ದಿವಾಳಿಯಾಗುವುದಕ್ಕೂ ದುಡ್ಡು ಬೇಕೆಂಬುದು ನನಗೆ ಐವತ್ತರ ಹತ್ತಿರ ಬಂದ ಮೇಲೆ ತಿಳಿಯಿತು. ಸುರಪುರದಲ್ಲಿ ನಾನು ಟೇಲರ್. ಶಾಲೆಗಳ ಯೂನಿಫಾರ್ಮ್ ಗುತ್ತಿಗೆ ಹಿಡಿದು, ಬಟ್ಟೆ ಉದ್ರಿ ತಂದು, ಕೈ ಸುಟ್ಟುಕೊಂಡವನು. ಅಂಗಡಿಯ ಮಿಷನ್ನುಗಳೆಲ್ಲ ಹೋಗಿ ಮನೆಯಲ್ಲಿ ಹೆಂಡತಿಯದೊಂದು ಉಳಿದಿತ್ತು. ಅದರ ಮೇಲೆ ಅವಳು ಬ್ಲೌಸ್ ಹೊಲಿದರೆ ನಮ್ಮ ಒಲೆ ಹೊತ್ತುತ್ತಿತ್ತು. ಸಾಲ ಕೊಟ್ಟವರ ಕಣ್ಣು ಅದರ ಮೇಲೂ ಬಿದ್ದಿತ್ತು.

ಊರಿನ ವಕೀಲರೊಬ್ಬರ ಹತ್ತಿರ ಹೋಗಿ ದಿವಾಳಿ ಅರ್ಜಿ ಹಾಕಬೇಕೆಂದೆ. ಅವರು ನಕ್ಕರು. “ನಮ್ಮ ಕಡಿ ಸಾಲ ಆದವರು ಊರು ಬಿಡ್ತಾರಪಾ, ಕೋರ್ಟಿಗಿ ಯಾರು ಹೋಗ್ತಾರ?” ಶಹಾಪುರದ ಇನ್ನೊಬ್ಬ ವಕೀಲರು ಹೊಲದ ವ್ಯಾಜ್ಯ ಬಿಟ್ಟು ಬೇರೇನೂ ಹಿಡಿಯುವುದಿಲ್ಲವಂತೆ. ಅಷ್ಟು ಹೇಳುವುದಕ್ಕೆ ಒಂದು ತಾಸು ಕೂಡಿಸಿದರು. ಕೊನೆಗೆ ಇಂಥ ಅರ್ಜಿ ಹಾಕುವ ವಕೀಲರು ಯಾದಗಿರಿಯಲ್ಲಿ ಒಬ್ಬರಿದ್ದಾರೆಂದು ಗೊತ್ತಾಯಿತು.

ಆಗ ಹೆಂಡತಿಯ ತಮ್ಮ ಸಲಹೆಗಾರನಾಗಿ ಬಂದ. “ಮಾವಾ, ಸಣ್ಣ ಮುಖ ಮಾಡ್ಕೊಂಡು ಹೋಗಬ್ಯಾಡ್ರಿ. ವಕೀಲ್ರು ಬಾಗಿಲದಾಗ ನಿಂದರಿಸ್ತಾರ.” ತನ್ನ ಬಂಗಾರದ ಉಂಗುರ ತೆಗೆದು ನನ್ನ ಬೆರಳಿಗೆ ತುರುಕಿದ. ಗೆಳೆಯನ ಕಾರು ತಂದ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಬೇಕು ನಮಗೆ. ಕಳ್ಳ ಕೂಡ ಕಳವಿಗೆ ಹೋಗುವಾಗ ಹಳೇ ಅಂಗಿ ಹಾಕುತ್ತಾನೆ. ನಾನು ‘ನನ್ನ ಹತ್ತಿರ ಏನೂ ಇಲ್ಲ’ ಎಂದು ಬರೆಸಲು ಇಸ್ತ್ರಿ ಅಂಗಿ ತೊಟ್ಟು, ಸೆಂಟು ಹೊಡೆದುಕೊಂಡು, ಕಾರಿನಲ್ಲಿ ಹೊರಟೆ.

ವಕೀಲರು ಮೊದಲು ಕಾರು ನೋಡಿದರು, ಆಮೇಲೆ ಉಂಗುರ, ಕೊನೆಗೆ ನನ್ನ ಮುಖ.

“ಏನ್ ಉದ್ಯೋಗ್ರಿ?”

ನಾನು ಬಾಯಿ ತೆರೆಯುವುದರೊಳಗೆ ಭಾವಮೈದ ಹೇಳಿಬಿಟ್ಟ, “ಬಟ್ಟಿ ವ್ಯಾಪಾರ್ರಿ. ದೊಡ್ಡದಿತ್ತು.” ನಾನೂ ತಲೆ ಆಡಿಸಿದೆ. ಟೇಲರ್ ಎನ್ನಲು ನಾಚಿಕೆಯಾಯಿತು. ಅಪ್ಪ ನನಗೆ ಕಲಿಸಿದ ಕಸುಬು ಅದು, ಅದನ್ನು ಹೇಳಲು ನಾಚಿಕೆ!

ವಕೀಲರು ವ್ಯಾಪಾರಿಗೆ ತಕ್ಕ ಫೀ ಹೇಳಿದರು. ಅದೂ ಪೂರಾ ಮುಂಗಡ. ಅರ್ಧ ಈಗ, ಉಳಿದರ್ಧ ಕೆಲಸವಾದ ಮೇಲೆ ಕೊಡಲೇ ಎಂದು ಕೇಳಿದ್ದಕ್ಕೆ ಚಹಾದ ಕಪ್ಪು ಕೆಳಗಿಟ್ಟರು. “ನಾಳಿ ಕೋರ್ಟು ನಿಮಗ ದಿವಾಳಿ ಅಂದ್ರ, ನಾ ಯಾರಿಗಿ ಕೇಳ್ಲಿ?” ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಮನೆ ಮುಟ್ಟುವ ಮೊದಲೇ ಭಾವಮೈದ ಉಂಗುರ ವಾಪಸ್ ಇಸಿದುಕೊಂಡ. ಫೀ ವಿಷಯಕ್ಕೆ ಮಾತ್ರ ಅವನ ಹತ್ತಿರ ಸಲಹೆ ಇರಲಿಲ್ಲ.

ಮಾರಲು ಉಳಿದದ್ದು ಒಂದೇ. ಹೆಂಡತಿ ಮಿಷನ್ನಿಗೆ ಅಡ್ಡ ನಿಂತಳು. “ಇದೊಂದು ಬಿಡ್ರಿ. ಉಣ್ಣೋದು ಹ್ಯಾಂಗ?”

“ಹ್ಯಾಂಗೂ ಜಪ್ತಿ ಆಗ್ತದ,” ಎಂದೆ, ಕಾನೂನು ಓದಿದವನ ಹಾಗೆ. “ಅವರು ಒಯ್ಯೋದಕ್ಕಿಂತ ನಾವೇ ಮಾರಿದ್ರ ಫೀ ಆದ್ರೂ ಆಗ್ತದ.” ಹುಣಸಗಿಯ ಒಬ್ಬ ಟೆಂಪೋ ತಂದು ಅದನ್ನು ಏರಿಸಿಕೊಂಡು ಹೋದ. ಅವಳು ಹೊರಗೆ ಬರಲಿಲ್ಲ.

ಫೀ ಕಟ್ಟಿದ ಮೇಲೆ ವಕೀಲರು ಅರ್ಜಿ ಬರೆಯಲು ಕೂತರು. ಈ ಸಲ ನಾನೊಬ್ಬನೇ ಹೋಗಿದ್ದೆ, ಬಸ್ಸಿನಲ್ಲಿ.

“ಇದು ಪ್ರಮಾಣ ಮಾಡಿ ಕೊಡೋದದರಿ, ಸುಳ್ಳು ನಡೆಯಂಗಿಲ್ಲ. ಖರೇ ಉದ್ಯೋಗ ಏನು?”

“ಟೇಲರ್ರಿ.”

ವಕೀಲರು ಪೆನ್ನು ಕೆಳಗಿಟ್ಟರು. “ಅವತ್ತೇ ಹೇಳಬೇಕಿಲ್ಲೇನ್ರಿ! ಕಸುಬಿನ ಸಾಮಾನು ಜಪ್ತಿ ಮಾಡಾಕ ಬರಂಗಿಲ್ಲ. ಹೊಲಿಗಿ ಮಿಷನ್ ನಿಮ್ಮದೇ, ಯಾರೂ ಮುಟ್ಟಂಗಿಲ್ಲ. ಎಲ್ಲದ ಅದು?”

“ಅದನ್ನ ಮಾರೇ ನಿಮಗ ಫೀ ಕೊಟ್ಟೇನ್ರಿ.”

ಅವರು ಮತ್ತೆ ಪೆನ್ನು ಎತ್ತಿಕೊಂಡರು. ಹಣವನ್ನೇನೂ ಹಿಂದಕ್ಕೆ ಕೊಡಲಿಲ್ಲ. ಕೇಳುವ ಮುಖ ನನಗೂ ಇರಲಿಲ್ಲ.

ಮನೆಗೆ ಬಂದು ಹೆಂಡತಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಈಗ ಅವಳು ಬಸ್‌ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲಿ ಬೇರೆಯವರ ಮಿಷನ್ ಮೇಲೆ ಕೂಲಿಗೆ ಹೊಲಿಯುತ್ತಾಳೆ. ಏನು ಮಾಡ್ತೀಯವ್ವಾ ಎಂದು ಯಾರಾದರೂ ಕೇಳಿದರೆ “ಟೇಲರ್ ಇದ್ದೀನ್ರಿ” ಎನ್ನುತ್ತಾಳೆ. ನಾನು ಪಕ್ಕದಲ್ಲಿದ್ದರೆ ಸ್ವಲ್ಪ ಜೋರಾಗಿ ಹೇಳುತ್ತಾಳೆ.