ಡಬ್ಬಿಯಲ್ಲಿಟ್ಟ ಇದ್ದಿಲು

ಯಾರೇನು ಹೇಳಿದರೂ ಪುರಾವೆ ಕೇಳುವವಳು ನಾನು. ಆದ್ದರಿಂದ ಇದನ್ನು ನಂಬಿಸಲು ವಾದ ಹೂಡುವುದಿಲ್ಲ. ನಡೆದದ್ದನ್ನು ನಡೆದಂತೆ ಹೇಳುತ್ತೇನೆ.

ಗೆಳತಿ ಸುಧಾಳಿಗೆ ರಕ್ತದ ಕ್ಯಾನ್ಸರ್. ಅಸ್ಥಿಮಜ್ಜೆಯ ಕಸಿಯೊಂದೇ ಉಳಿದ ದಾರಿ. ಆದರೆ ಪರೀಕ್ಷೆಗೆಂದು ಹಾಕಿದ ಆಂಟಿಬಾಡಿಗಳಿಗೆಲ್ಲ ಅವಳ ಕ್ಯಾನ್ಸರ್ ಕೋಶಗಳು ಪ್ರತಿಕ್ರಿಯಿಸಿ, ದಾನಿಯೊಡನೆ ಹೊಂದಿಸಬೇಕಾದ ಅಂಗಾಂಶದ ಗುರುತೇ ಸ್ಪಷ್ಟವಾಗುತ್ತಿರಲಿಲ್ಲ. ಅವಳ ತಮ್ಮ ಹರೀಶನ ರಕ್ತ ಸಿಕ್ಕರೆ ಆ ಗುರುತನ್ನು ಬಿಡಿಸಬಹುದಿತ್ತು. ಅವನೇ ದಾನಿಯೂ ಆಗಬಹುದಿತ್ತು. ಅವನೋ ಕಾಲು ಮುರಿದುಕೊಂಡು ಆನವಟ್ಟಿ ಹತ್ತಿರದ ಮನೆಯಲ್ಲಿ ಮಲಗಿದ್ದ.

ನರ್ಸ್ ಬಂದು ರಕ್ತ ತೆಗೆಯುವಷ್ಟರಲ್ಲಿ ದೀಪ ಹಚ್ಚಿಯಾಗಿತ್ತು. ಅದನ್ನು ಸ್ಕೂಟರಿನಲ್ಲಿ ಶಿಕಾರಿಪುರಕ್ಕೆ ಒಯ್ದು, ರಾತ್ರಿ ಬಸ್ಸಿನಲ್ಲಿ ಪ್ರಯೋಗಾಲಯಕ್ಕೆ ಕಳಿಸುವ ಹೊಣೆ ನನ್ನದು. ಸುಧಾ, ಹರೀಶರ ತಾಯಿ ಒಲೆಯಿಂದ ಇದ್ದಿಲಿನ ತುಂಡು ತಂದರು.

"ಕತ್ತಲಾದ ಮೇಲೆ ಅನ್ನ ಒಯ್ದ್ರೂ ಇದ್ದಿಲು ಹಾಕ್ತೀವಿ ತಂಗಿ. ಇದು ನನ್ನ ಮಗನ ರಕ್ತ."

"ಅದಕ್ಕೆ ಬಾಯಿ ಹಾಕೋರು ಯಾರಮ್ಮಾ?"

"ಹೆಸರು ಹೇಳಬಾರ್ದು."

"ಸುಮ್ನಿರವ್ವಾ," ಹರೀಶ ನಕ್ಕ. "ಈ ಅಕ್ಕ ಡಿಬೇಟಲ್ಲಿ ಕಪ್ ತಗಂಡೋರು."

ಅವರು ಇದ್ದಿಲನ್ನು ರಕ್ತವಿದ್ದ ಥರ್ಮಕೋಲ್ ಡಬ್ಬಿಯಲ್ಲಿಟ್ಟೇ ಮುಚ್ಚಿದರು. ಊರು ದಾಟಿದ ಮೇಲೆ ಅದನ್ನು ತೆಗೆದು ಚರಂಡಿಗೆ ಎಸೆದೆ.

ಮುಂದಿನ ತಿರುವಿನಲ್ಲಿ ಸ್ಕೂಟರ್ ಹಿಂದಕ್ಕೆ ಜಗ್ಗಿತು... ಯಾರೋ ಹತ್ತಿ ಕುಳಿತಂತೆ. ಕನ್ನಡಿಯಲ್ಲಿ ಖಾಲಿ ರಸ್ತೆ. ಆರಿಸಿದ ಬತ್ತಿಯ ಕಮಟು ವಾಸನೆ. ಕಾಲ ಬಳಿಯಿದ್ದ ಡಬ್ಬಿಯೊಳಗಿಂದ, ಬೆಕ್ಕು ತಟ್ಟೆ ನೆಕ್ಕುವಂಥ ಸದ್ದು...

ನಿಲ್ಲಿಸಿ ತೆರೆದೆ. ರಕ್ತದ ಕೊಳವೆಯ ಮುಚ್ಚಳ ಬಿಗಿಯಾಗಿಯೇ ಇತ್ತು. ರಕ್ತ ಒಂದು ಹನಿಯೂ ಕಡಿಮೆಯಾಗಿರಲಿಲ್ಲ. ಮುಚ್ಚಿದೊಡನೆ ಮತ್ತೆ ಅದೇ ಸದ್ದು.

ಮರುದಿನ ಪ್ರಯೋಗಾಲಯದ ಹುಡುಗಿ ಫೋನ್ ಮಾಡಿದಳು. "ಮೇಡಂ, ಇದ್ರಲ್ಲಿ ಒಂದು ಕೋಶವೂ ಜೀವಂತ ಇಲ್ಲ. ಆಂಟಿಬಾಡಿ ಹಾಕದೆ ಬಿಟ್ಟಿದ್ರಲ್ಲೂ ಎಲ್ಲ ಸತ್ತಿವೆ." ಆಮೇಲೆ ದನಿ ತಗ್ಗಿಸಿ, "ರಕ್ತ ಕೊಟ್ಟವರು... ಇದ್ದಾರಲ್ವಾ?"

ಹರೀಶನಿಗೆ ಫೋನ್ ಮಾಡಿದೆ. ಬಹಳ ಹೊತ್ತು ರಿಂಗಾಯಿತು.

"ಏನಕ್ಕಾ?"

"ಇನ್ನೊಮ್ಮೆ ರಕ್ತ ಕೊಡ್ಬೇಕಾಗುತ್ತೆ," ಎಂದೆ.

ಸುಧಾಳಿಗೆ ಕಾಯುವಷ್ಟು ಸಮಯವಿರಲಿಲ್ಲ. ಮತ್ತೆ ರಕ್ತ ತೆಗೆಸಿದೆವು. ಮತ್ತೆ ಅದೇ ಬಸ್ಸು, ಅದೇ ಕತ್ತಲು. ಈ ಸಲ ಇದ್ದಿಲನ್ನು ನಾನೇ ಕೇಳಿದೆ. ಆ ತಾಯಿ ಒಲೆಯಿಂದ ತಂದು ಕೊಟ್ಟರು.

ಅದೇ ತಿರುವು. ಸ್ಕೂಟರ್ ಜಗ್ಗಿತು. ಅದೇ ವಾಸನೆ. ಡಬ್ಬಿಯೊಳಗೆ 'ಕಟಕ್' ಎಂದಿತು... ಹಿಂದಿನ ಭಾರ ಇಳಿಯಿತು.

ರಕ್ತ ಜೀವಂತವಾಗಿಯೇ ತಲುಪಿತು. ಅಕ್ಕ ತಮ್ಮಂದಿರ ಗುರುತು ಪೂರ್ತಿ ಹೊಂದಿತು. ಕಸಿಯಾಗಿ ಸುಧಾ ಈಗ ಮನೆಗೆ ಬಂದಿದ್ದಾಳೆ.

ಬಿಸಿಗೆ, ಕುಲುಕಾಟಕ್ಕೆ ಕೋಶಗಳು ಸಾಯಬಹುದು. ಕೇಳಿದವರಿಗೆಲ್ಲ ಹಾಗೆಂದೇ ವಾದಿಸುತ್ತೇನೆ. ಆದರೆ ಬಸ್ಸಿಗೆ ಕೊಡುವ ಮುನ್ನ ಡಬ್ಬಿಯಿಂದ ತೆಗೆದ ಆ ಇದ್ದಿಲು ಇನ್ನೂ ನನ್ನಲ್ಲಿದೆ. ಅದರ ಒಂದು ತುದಿಯನ್ನು ಯಾವುದೋ ಕಚ್ಚಿದೆ. ಹಲ್ಲಿನ ಗುರುತುಗಳು ಚಿಕ್ಕವು, ಸಾಲಾಗಿವೆ.

"ಎಸೆದುಬಿಡೇ," ಎನ್ನುತ್ತಾಳೆ ಸುಧಾ.

ಒಮ್ಮೆ ಎಸೆದು ನೋಡಿದ್ದೇನಲ್ಲ...