ಜರಿ ಸುತ್ತಿದ ಹುಳ

ನಮ್ಮ ಮಾವನವರಿಗೆ ಮೀನು ಹಿಡಿಯುವ ಹುಚ್ಚು ಎಂದು ಜೀವನ್ ಬಿಮಾ ನಗರದ ನಮ್ಮ ಬೀದಿಯಲ್ಲಿ ಎಲ್ಲರೂ ಹೇಳುತ್ತಿದ್ದರು. ನಾನು ಒಪ್ಪುವುದಿಲ್ಲ. ಹುಚ್ಚಿರುವವರು ಮೀನನ್ನಾದರೂ ತರುತ್ತಾರೆ. ಮಾವ ವರ್ಷ ವರ್ಷ ಬೆಟ್ಟ ಹತ್ತಿ ತರುತ್ತಿದ್ದುದು ನೆಗಡಿ.

ತೊಂಬತ್ತರ ದಶಕದ ಮಧ್ಯದಲ್ಲಿ ನಾನು ಸೊಸೆಯಾಗಿ ಬಂದಾಗಲೇ ಊಟದ ಮೇಜಿನ ಅರ್ಧ ಅವರ ಪಾಲಾಗಿತ್ತು. ಅಂಚಿಗೆ ಪುಟ್ಟ ಇಕ್ಕಳವೊಂದನ್ನು ಬಿಗಿದು, ಅದರ ಬಾಯಿಗೆ ಸಣ್ಣ ಗಾಳ ಸಿಕ್ಕಿಸಿ, ಅದಕ್ಕೆ ದಾರ, ಪುಕ್ಕ, ಕೂದಲು ಸುತ್ತುತ್ತಾ ಕೂರುವರು. ಅದಕ್ಕೆ ನಿಂಫ್ ಎಂದು ಹೆಸರು. ರೆಕ್ಕೆ ಮೂಡುವ ಮುಂಚೆ ನೀರಿನ ತಳದಲ್ಲಿ ತೆವಳುವ ಹುಳದ ನಕಲು. ಊಟಿಯಾಚೆಯ ಬೆಟ್ಟದ ಕೆರೆಗಳಲ್ಲಿ ಟ್ರೌಟ್ ಎಂಬ ಮೀನಿದೆಯಂತೆ, ಅದು ಇದನ್ನು ನಿಜವೆಂದು ನಂಬಿ ಕಚ್ಚುತ್ತದಂತೆ. ಎರೆಹುಳ ಹಾಕಿದರೆ ಆಗುವುದಿಲ್ಲವೇ ಎಂದು ಒಮ್ಮೆ ಕೇಳಿದೆ. ಚಪ್ಪಲಿ ಹಾಕಿಕೊಂಡು ದೇವರ ಕೋಣೆಗೆ ನುಗ್ಗಿದವಳನ್ನು ನೋಡುವಂತೆ ನನ್ನನ್ನು ನೋಡಿದರು.

ಈ ಮಡಿಯೆಲ್ಲ ಅಂಟಿದ್ದು ಪುಲಿಕೇಶಿನಗರದ ಒಂದು ಹಳೇ ಬಂಗಲೆಯಲ್ಲಿ. ಅಲ್ಲಿ ಭಾನುವಾರ ಐದಾರು ಜನ ರಿಟೈರ್ಡ್ ಗಂಡಸರು ಸೇರಿ, ಕಾಣದ ಮೀನಿನ ರುಚಿ ಅಭಿರುಚಿಗಳ ಬಗ್ಗೆ ಮಾತಾಡುತ್ತಿದ್ದರು. ಹೆಂಡತಿಗೆ ಕಾಫಿಯಲ್ಲಿ ಸಕ್ಕರೆ ಎಷ್ಟು ಬೇಕೆಂದು ಇವರಲ್ಲಿ ಒಬ್ಬರಿಗೂ ಗೊತ್ತಿದ್ದಿರಲಾರದು.

ಹುಳ ಕಟ್ಟಲು ಸಾಮಾನು ಬೇಕಲ್ಲ. ಮಾವ ಯಾರನ್ನೂ ಕೇಳುತ್ತಿರಲಿಲ್ಲ, ತೆಗೆದುಕೊಳ್ಳುತ್ತಿದ್ದರು. ಚೆನ್ನಾಗಿಯೇ ತಿರುಗುತ್ತಿದ್ದ ಟೇಬಲ್ ಫ್ಯಾನ್ ಬಿಚ್ಚಿ ಒಳಗಿನ ತಾಮ್ರದ ತಂತಿ ಎಳೆದರು, ಹುಳ ಮುಳುಗಲು ಭಾರ ಬೇಕಂತೆ. ದೇವರ ಕೋಣೆಯಲ್ಲಿ ಸುಬ್ರಹ್ಮಣ್ಯನ ಪಟಕ್ಕೆ ಸಿಕ್ಕಿಸಿದ್ದ ನವಿಲುಗರಿ ದಿನದಿನಕ್ಕೆ ಬೋಳಾಯಿತು. ಪಕ್ಕದ ಮನೆ ನಾಯಿಯನ್ನು ಮುದ್ದು ಮಾಡುವ ನೆಪದಲ್ಲಿ ಅದರ ಕೂದಲು ಕಿತ್ತು ಜೇಬಿಗೆ ಹಾಕಿಕೊಂಡು ಬರುತ್ತಿದ್ದರು.

ಒಂದು ದಿನ ಅತ್ತೆ ಯಾರದೋ ಮದುವೆಗೆಂದು ಬೀರು ತೆಗೆದು ತಮ್ಮ ಧಾರೆ ಸೀರೆ ಬಿಡಿಸಿದರು. ಸೆರಗಿನ ಮೂಲೆಯಲ್ಲಿ ಗೇಣಗಲ ಜರಿ ಇಲ್ಲ. ಹುಳದ ಮೈಮೇಲೆ ಹೊಳೆಯುವ ಗೆರೆ ಬೇಕಿತ್ತು, ಕಮರ್ಷಿಯಲ್ ಸ್ಟ್ರೀಟಿನ ಜರಿ ನೀರಿಗೆ ಬಿದ್ದರೆ ಕಪ್ಪಾಗುತ್ತೆ, ಹಳೇ ಜರಿಯೇ ಆಗಬೇಕು ಎಂದು ಮಾವ ನಮಗೆ ಪಾಠ ಮಾಡಿದರು. ನನಗೆ ಮೈ ಉರಿದುಹೋಯಿತು. ಅತ್ತೆ ಕೂಗಾಡಲಿಲ್ಲ.

"ಒಂದ್ ಮಾತು ಕೇಳಿದ್ರೆ ನಾನೇ ಬಿಚ್ಚಿ ಕೊಡ್ತಿದ್ದೆ," ಎಂದರು.

ಮಾವ ಕನ್ನಡಕ ಒರೆಸಿಕೊಂಡು ಮತ್ತೆ ಸುತ್ತಲು ಕೂತರು. ಅತ್ತೆ ಆ ಮದುವೆಗೆ ಬೇರೆ ಸೀರೆ ಉಟ್ಟು ಹೋದರು.

ಎರಡು ಸಾವಿರದ ಆಸುಪಾಸಿನಲ್ಲಿ ನಮ್ಮೆಜಮಾನರು ಕಾರು ಕೊಂಡರು. ಈ ಸಲ ಎಲ್ಲರೂ ಬೆಟ್ಟಕ್ಕೆ ಹೋಗೋಣ ಎಂದು ನಾನೇ ಹಟ ಹಿಡಿದೆ. ಅತ್ತೆ ಕೆ.ಆರ್. ಪುರದ ಕಡೆ ಕೆರೆಯಂಚಿನ ಹಳ್ಳಿಯವರು, ಮೀನು ಸಾರು ಮಾಡುವುದರಲ್ಲಿ ಎತ್ತಿದ ಕೈ. ಮಸಾಲೆ ರುಬ್ಬಿ ಡಬ್ಬಿಗೆ ತುಂಬಿ, ಹುಣಸೆಹಣ್ಣು, ಸೀಮೆಎಣ್ಣೆ ಸ್ಟವ್ ಎಲ್ಲ ಕಾರಿಗೆ ಹೇರಿದರು. ಗಂಡ ಹಿಡಿದ ಮೀನನ್ನು ಒಮ್ಮೆ ತಮ್ಮ ಕೈಯಾರೆ ಬೇಯಿಸಬೇಕು, ಅಷ್ಟೇ ಅವರ ಆಸೆ.

ಮೊದಲ ದಿನ ಮಾವನ ಜರಿ ಹುಳಗಳು ಒಂದೊಂದಾಗಿ ಕೆರೆಯ ತಳದ ಕಲ್ಲಿಗೆ ಸಿಕ್ಕಿ ಹರಿದುಹೋದವು. ಉಳಿದದ್ದು ಒಂದೇ. ಜರಿಯಿಲ್ಲದ ಹುಳಗಳನ್ನು ಮೀನು ಮೂಸಿಯೂ ನೋಡಲಿಲ್ಲ. ಮರುದಿನ ಬೆಳಿಗ್ಗೆ ಆ ಕೊನೆಯ ಹುಳಕ್ಕೆ ಮೊಳದುದ್ದದ ಮೀನು ಕಚ್ಚಿತು. ನಿಜ ಹೇಳಬೇಕು, ಮೈತುಂಬ ಚುಕ್ಕೆಯ ಆ ಮೀನು ಚೆಂದವಿತ್ತು, ನಾನೂ ಎದ್ದು ನಿಂತೆ. ಅತ್ತೆ ಸ್ಟವ್ ಹಚ್ಚಲು ಬೆಂಕಿಪೊಟ್ಟಣ ಹುಡುಕುತ್ತಿದ್ದರು. ಮಾವ ಗಾಳ ಬಿಡಿಸಿ, ಮೀನನ್ನು ಎರಡೂ ಕೈಯಲ್ಲಿ ನೀರಿನೊಳಗೆ ಹಿಡಿದು, ಬಿಟ್ಟುಬಿಟ್ಟರು. ದೊಡ್ಡ ಮನುಷ್ಯರು ಮೀನು ತಿನ್ನಲು ಹಿಡಿಯುವುದಿಲ್ಲವಂತೆ. ಪುಲಿಕೇಶಿನಗರದ ಬಂಗಲೆಯ ನಿಯಮ.

ಅತ್ತೆ ಬೆಂಕಿಪೊಟ್ಟಣ ಕೆಳಗಿಟ್ಟು ದಡಕ್ಕೆ ಇಳಿದರು. ಮಾವನ ಕತ್ತರಿ ತೆಗೆದುಕೊಂಡು ದಾರದ ತುದಿಯ ಹುಳವನ್ನು ಕತ್ತರಿಸಿದರು.

"ಮೀನು ನಿಮ್ದು, ಬಿಟ್ರಿ. ಜರಿ ನಂದು," ಎಂದರು.

ಅದನ್ನು ಸೆರಗಿಗೆ ಚುಚ್ಚಿಕೊಂಡು ಬಂದು, ಆ ಮಸಾಲೆಗೆ ಆಲೂಗಡ್ಡೆ ಹಾಕಿ ಸಾರು ಮಾಡಿದರು. ಮಾವ ಎರಡು ಸಲ ಬಡಿಸಿಕೊಂಡರು.

ಊಟವಾದ ಮೇಲೆ ಕೆರೆಯಲ್ಲಿ ಎಲ್ಲೆಲ್ಲೂ ಮೀನುಗಳು ಹುಳ ಹಿಡಿಯಲು ನೀರಿನ ಮೇಲಕ್ಕೆ ಏಳತೊಡಗಿದವು. ಮಾವ ನನ್ನ ಹತ್ತಿರ ಬಂದು ಮೆಲ್ಲಗೆ, ಆ ಹುಳ ಸ್ವಲ್ಪ ಕೊಡಲು ನಿಮ್ಮತ್ತೆಗೆ ಹೇಳಮ್ಮ ಎಂದರು. ಅತ್ತೆ ಹತ್ತು ಹೆಜ್ಜೆ ಆಚೆ ಬಂಡೆಯ ಮೇಲೆ ಕೂತಿದ್ದರು. ಇವರ ಮಾತು ಕೇಳಿಸಿ ತಲೆಯೆತ್ತಿದರು. ಕೈ ಆಗಲೇ ಸೆರಗಿನ ಮೇಲಿತ್ತು, ಕೊಡಲು ಸಿದ್ಧ.

"ನೀವೇ ಕೇಳಿ, ಮಾವ," ಎಂದೆ.

ಮಾವ ಅತ್ತೆಯತ್ತ ಎರಡು ಹೆಜ್ಜೆ ಇಟ್ಟರು. ಕನ್ನಡಕ ತೆಗೆದು ಒರೆಸಿದರು. ಆಮೇಲೆ ನೀರಿನ ಕಡೆ ತಿರುಗಿ, ಗಾಳದ ಕೋಲನ್ನು ಮಡಚಿ ಚೀಲಕ್ಕೆ ಹಾಕಿ, ಕತ್ತಲಾಗುವವರೆಗೂ ಮೀನು ಏಳುವುದನ್ನು ನೋಡುತ್ತಾ ಕೂತರು. ಅತ್ತೆಯ ಕೈ ತುಂಬ ಹೊತ್ತು ಸೆರಗಿನ ಮೇಲೆಯೇ ಇತ್ತು.